ಗುಮಾಸ್ತನಿಗೆ ಗೊತ್ತಿದ್ದದ್ದು

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಒಳಗೆ, ಬಟ್ಟೆಯ ಗಂಟುಗಳ ಸಂದಿಯಲ್ಲಿ, ಕಂಪ್ಯೂಟರಿನ ಮುಂದೆ ಅಕೌಂಟೆಂಟ್ ಕೂತಿದ್ದಾರೆ. ಅಲ್ಲಿಗೆ ಸೇರಿ ಇಪ್ಪತ್ತು ವರ್ಷ ದಾಟಿದೆ. ಮಾಲೀಕರು ಗಲ್ಲಾದ ಹತ್ತಿರದಿಂದಲೇ ಕೂಗುತ್ತಾರೆ: "ಮೈಸೂರು ಪಾರ್ಟಿದು ಇನ್ನೂರ ಹನ್ನೆರಡು ಸರಿ ಮಾಡಿಬಿಡಿ, ನಾಲ್ಕು ಪೀಸ್ ವಾಪಸ್ ಬಂದಿದೆ." ಅಕೌಂಟೆಂಟ್ ತಲೆ ಎತ್ತುವುದಿಲ್ಲ, ಮರುಪ್ರಶ್ನೆ ಕೇಳುವುದಿಲ್ಲ. ಎರಡು ನಿಮಿಷದಲ್ಲಿ ಕೆಲಸ ಮುಗಿದಿರುತ್ತದೆ.

ಮಾಲೀಕರ ಆ ಮಾತಿನಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಮೈಸೂರಿನಲ್ಲಿ ಈ ಅಂಗಡಿಗೆ ಒಂಬತ್ತು ಗಿರಾಕಿಗಳಿರಬಹುದು. 'ಮೈಸೂರು ಪಾರ್ಟಿ' ಎಂದರೆ ಅವರಲ್ಲಿ ಒಬ್ಬರೇ. ಇನ್ನೂರ ಹನ್ನೆರಡು ಎಂದರೆ ಬಿಲ್ ನಂಬರು, ಅದೂ ಈ ವರ್ಷದ್ದು. 'ಸರಿ ಮಾಡು' ಎಂದರೆ ತಿದ್ದುವುದಲ್ಲ, ಅಳಿಸುವುದೂ ಅಲ್ಲ, ವಾಪಸ್ ಬಂದ ಮಾಲಿನ ಮೊತ್ತವನ್ನು ಗಿರಾಕಿಯ ಬಾಕಿಯಿಂದ ಕಳೆಯುವ ಕ್ರೆಡಿಟ್ ನೋಟ್ ಹಾಕುವುದು. ಇದ್ಯಾವುದನ್ನೂ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಈಗ ಅದೇ ಮಾತನ್ನು ಎಐ ಏಜೆಂಟ್ ಒಂದಕ್ಕೆ ಹೇಳಿ ನೋಡೋಣ. ಅಂಗಡಿಯ ತಂತ್ರಾಂಶಕ್ಕೆ ಜೋಡಿಸಿದ ಆ ಏಜೆಂಟಿನ ಕೈಯಲ್ಲಿ ಮೂರು ಟೂಲ್‌ಗಳಿವೆ. ಒಂದರ ವಿವರಣೆ "ಬಿಲ್ ತಿದ್ದುತ್ತದೆ", ಇನ್ನೊಂದರದು "ಬಿಲ್ ರದ್ದು ಮಾಡುತ್ತದೆ", ಮೂರನೆಯದರದು "ಕ್ರೆಡಿಟ್ ನೋಟ್ ರಚಿಸುತ್ತದೆ". ಮೂರೂ ನಿಜ. ಮೂರರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. 'ಸರಿ ಮಾಡು' ಎಂಬ ಮಾತಿಗೆ ಅತ್ಯಂತ ಹತ್ತಿರ ಕಾಣುವುದು 'ತಿದ್ದು'. ಏಜೆಂಟ್ ಅದನ್ನೇ ಎತ್ತಿಕೊಂಡು, ಇಪ್ಪತ್ತು ಸೀರೆಯ ಬಿಲ್ಲನ್ನು ಹದಿನಾರರ ಬಿಲ್ ಮಾಡಿ, "ಸರಿಪಡಿಸಿದ್ದೇನೆ" ಎಂದು ವಿನಯದಿಂದ ವರದಿ ಒಪ್ಪಿಸುತ್ತದೆ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಹಾಗೆ. ತಪ್ಪು ಗೊತ್ತಾಗುವುದು ತೆರಿಗೆ ಲೆಕ್ಕ ಸಲ್ಲಿಸುವ ದಿನ.

ಇಲ್ಲಿ ಏಜೆಂಟ್ ದಡ್ಡತನ ಮಾಡಿತು ಎನ್ನುವುದು ಸುಲಭ. ಅದು ಕೂತಿರುವ ಜಾಗ ಎಂಥದ್ದೆಂದು ತಿಳಿದರೆ ಹಾಗೆ ಅನ್ನಲು ಮನಸ್ಸು ಬರುವುದಿಲ್ಲ.

ಭಾಷಾ ಮಾದರಿ ಮೂಲತಃ ಮಾಡುವುದು ಒಂದೇ ಕೆಲಸ. ಎದುರಿಗಿರುವ ಪಠ್ಯವನ್ನು ನೋಡಿ, ಮುಂದೆ ಬರಬೇಕಾದ ತುಣುಕು ಯಾವುದೆಂದು ಲೆಕ್ಕ ಹಾಕುತ್ತದೆ. ಅದಕ್ಕೆ ಕೈಯಿಲ್ಲ, ಕಣ್ಣಿಗೆ ಅಂಗಡಿ ಬೀಳುವುದಿಲ್ಲ. ಅದಕ್ಕೆ ಕೈ ಕೊಡುವ ಪ್ರಯತ್ನಗಳು 2022ರ ಕೊನೆಯಿಂದ ಒಂದರ ಹಿಂದೊಂದು ಬಂದವು. ಆ ವರ್ಷದ ಅಕ್ಟೋಬರಿನಲ್ಲಿ 'ರಿಆ್ಯಕ್ಟ್' ಎಂಬ ಸಂಶೋಧನಾ ಪ್ರಬಂಧ, 2023ರ ಫೆಬ್ರವರಿಯಲ್ಲಿ ಮೆಟಾ ಕಂಪನಿಯವರ 'ಟೂಲ್‌ಫಾರ್ಮರ್', ಅದೇ ವರ್ಷದ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಸೇರಿಸಿದ 'ಫಂಕ್ಷನ್ ಕಾಲಿಂಗ್'. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಕಂಪನಿ ಎಂಸಿಪಿ ಎಂಬ ಸಾಮಾನ್ಯ ಒಡಂಬಡಿಕೆಯನ್ನು ಹೊರತಂದ ಮೇಲೆ, ಯಾರದೋ ತಂತ್ರಾಂಶವನ್ನು ಇನ್ಯಾರದೋ ಮಾದರಿಗೆ ಪ್ಲಗ್ ಚುಚ್ಚಿದಂತೆ ಜೋಡಿಸುವುದು ರೂಢಿಗೆ ಬಂತು.

ಹೆಸರುಗಳು ಬೇರೆಯಾದರೂ ಒಳಗಿನ ಏರ್ಪಾಡು ಒಂದೇ. ಕತ್ತಲ ಕೋಣೆಯಲ್ಲಿ ಕೂತ ಒಬ್ಬ ಗುಮಾಸ್ತನನ್ನು ನೆನೆಯಿರಿ. ಗೋಡೆಯಲ್ಲೊಂದು ಕಿಂಡಿ. ಕಿಂಡಿಯ ಆಚೆ ಯಂತ್ರಗಳಿವೆ. ಅವು ಅವನಿಗೆ ಕಾಣುವುದಿಲ್ಲ. ಅವನ ಮೇಜಿನ ಮೇಲೆ ಒಂದು ಹಾಳೆಯಿದೆ: ಯಾವ ಯಂತ್ರದ ಹೆಸರೇನು, ಅದೇನು ಮಾಡುತ್ತದೆ, ಚೀಟಿಯಲ್ಲಿ ಏನೇನು ತುಂಬಿ ಕೊಡಬೇಕು. ಗಿರಾಕಿಯ ಮಾತು ಕೇಳಿದ ಕೂಡಲೇ ಅವನು ಹಾಳೆ ಓದಿ, ಒಂದು ಹೆಸರು ಆರಿಸಿ, ಚೀಟಿ ಬರೆದು ಕಿಂಡಿಯಲ್ಲಿ ತಳ್ಳುತ್ತಾನೆ. ಆಚೆಯಿಂದ ಉತ್ತರದ ಚೀಟಿ ಬರುತ್ತದೆ. ಅದನ್ನು ಓದಿ ಮುಂದಿನ ಹೆಜ್ಜೆ. ಯಂತ್ರವನ್ನು ನಡೆಸುವ ಕೋಡ್ ಎಷ್ಟೇ ಅಚ್ಚುಕಟ್ಟಾಗಿರಲಿ, ಅದರ ಒಂದು ಅಕ್ಷರವೂ ಗುಮಾಸ್ತನಿಗೆ ಕಾಣುವುದಿಲ್ಲ. ಮೇಜಿನ ಮೇಲಿನ ಹಾಳೆಯೇ ಅವನ ಪಾಲಿಗೆ ಅಂಗಡಿ. ಟೂಲ್ ವಿವರಣೆ ಎಂದರೆ ಆ ಹಾಳೆ.

ಇವನು ಲೋಕಜ್ಞಾನ ಇಲ್ಲದವನೇನೂ ಅಲ್ಲ ಎನ್ನುವುದು ಇಲ್ಲಿನ ವಿಚಿತ್ರ. ಜಿಎಸ್‌ಟಿ ಕಾಯ್ದೆಯ ಬಗ್ಗೆ ಕೇಳಿದರೆ ಪುಟಗಟ್ಟಲೆ ಹೇಳಿಯಾನು. ಗೊತ್ತಿಲ್ಲದಿರುವುದು ಈ ಅಂಗಡಿಯ, ಈ ತಂತ್ರಾಂಶದ ಸಂಗತಿ. ಹೊರಗಿನಿಂದ ನೇಮಕವಾಗಿ ಬಂದ ಬುದ್ಧಿವಂತ ಹುಡುಗನ ಮೊದಲ ದಿನದಂತೆ. ಹುಡುಗನಾದರೆ ವಾರದಲ್ಲಿ ಕಲಿಯುತ್ತಾನೆ. ಮಾದರಿಗೆ ಪ್ರತಿ ಸಂಭಾಷಣೆಯೂ ಮೊದಲ ದಿನವೇ.

ಹಾಗಾದರೆ ಒಳ್ಳೆಯ ವಿವರಣೆ ಹೇಗಿರಬೇಕು? ಮೂರರಲ್ಲಿ ರದ್ದು ಮಾಡುವ ಟೂಲನ್ನೇ ತೆಗೆದುಕೊಳ್ಳೋಣ. ಅಕೌಂಟೆಂಟ್ ಪಕ್ಕದಲ್ಲಿ ಕೂತು ಕೇಳುತ್ತಾ ಹೋದರೆ ಒಂದೊಂದಾಗಿ ಹೊರಬರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿ ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಬಿಲ್ ಮಾಡಿದರೆ, 2023ರ ಆಗಸ್ಟ್ 1ರಿಂದ ಅದನ್ನು ಇ-ಇನ್‌ವಾಯ್ಸ್ ಆಗಿ ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಲ್ಲಿಂದ ಅದಕ್ಕೆ ಐಆರ್‌ಎನ್ ಎಂಬ 64 ಅಕ್ಷರಗಳ ಗುರುತು ಸಿಗುತ್ತದೆ. ಅದನ್ನು ರದ್ದು ಮಾಡಲು ಪೋರ್ಟಲಿನಲ್ಲಿ 24 ಗಂಟೆಗಳ ಅವಕಾಶವಿದೆ, ಅಷ್ಟೇ. ರದ್ದು ಮಾಡಿದರೆ ಇಡೀ ಬಿಲ್ಲೇ ಹೋಗುತ್ತದೆ. ಅರ್ಧ ರದ್ದು ಎಂಬುದಿಲ್ಲ. ಹಾಗೆ ರದ್ದಾದ ನಂಬರಿನಲ್ಲಿ ಮತ್ತೆ ಐಆರ್‌ಎನ್ ಪಡೆಯುವಂತಿಲ್ಲ. ಮಾಲಿನಲ್ಲಿ ಒಂದು ಪಾಲು ಮಾತ್ರ ವಾಪಸ್ ಬಂದರೆ ದಾರಿ ಕ್ರೆಡಿಟ್ ನೋಟ್.

ಇದನ್ನೆಲ್ಲ ಹೀರಿಕೊಂಡು ಬರೆದ ವಿವರಣೆ ಸುಮಾರು ಹೀಗಿದ್ದೀತು: "ಒಂದು ಬಿಲ್ಲನ್ನು ಪೂರ್ತಿಯಾಗಿ ರದ್ದು ಮಾಡುತ್ತದೆ. ಬಿಲ್ಲೇ ತಪ್ಪಾಗಿ ಹುಟ್ಟಿದ್ದರೆ, ಉದಾಹರಣೆಗೆ ಬೇರೆ ಗಿರಾಕಿಯ ಹೆಸರಿನಲ್ಲಿ ಆಗಿದ್ದರೆ, ಬಳಸಿ. ಐಆರ್‌ಎನ್ ಬಂದು 24 ಗಂಟೆಯೊಳಗೆ ಮಾತ್ರ ಸಾಧ್ಯ. ಕೆಲವು ಸೀರೆ ವಾಪಸ್ ಬಂದಾಗ ಅಥವಾ ಬೆಲೆ ಇಳಿಸಿಕೊಟ್ಟಾಗ ಇದನ್ನು ಬಳಸಬೇಡಿ. ಕ್ರೆಡಿಟ್ ನೋಟ್ ಟೂಲ್ ಬಳಸಿ. ಹಿಂತೆಗೆದುಕೊಳ್ಳಲಾಗದ ಕ್ರಿಯೆ: ಮೊದಲು ಬಿಲ್ ನಂಬರು, ಗಿರಾಕಿಯ ಹೆಸರು, ಮೊತ್ತ ತೋರಿಸಿ ಒಪ್ಪಿಗೆ ಪಡೆಯಿರಿ."

ಇದರಲ್ಲಿ ನನಗೆ ಅತಿ ಮುಖ್ಯವೆನಿಸುವ ವಾಕ್ಯ 'ಬಳಸಬೇಡಿ' ಎನ್ನುವುದು. ತಂತ್ರಾಂಶ ಬರೆದವರಿಗೆ ತಮ್ಮ ಟೂಲ್ ಏನು ಮಾಡುತ್ತದೆ ಎಂದು ಹೇಳಲು ಉತ್ಸಾಹ. ಏನು ಮಾಡುವುದಿಲ್ಲ ಎಂದು ಹೇಳಲು ಸಂಕೋಚ. ಹೆಚ್ಚಿನ ತಪ್ಪುಗಳು ಆಗುವುದು ಎರಡು ಟೂಲ್‌ಗಳ ನಡುವಿನ ಬೇಲಿಯ ಮೇಲೆ, ಎರಡಕ್ಕೂ ಅನ್ವಯಿಸುತ್ತದೆ ಎನ್ನಿಸುವ ಜಾಗದಲ್ಲಿ. 1971ರ ನವೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ತಮ್ಮ ಕಾರ್ಯಾಚರಣಾ ವ್ಯವಸ್ಥೆ ಯುನಿಕ್ಸ್‌ಗೆ ಮೊದಲ ಕೈಪಿಡಿ ಸಿದ್ಧಪಡಿಸಿದಾಗ, ಒಂದೊಂದು ಕಮಾಂಡಿನ ಪುಟದಲ್ಲೂ 'ಬಗ್ಸ್' ಎಂಬ ತಲೆಬರಹಕ್ಕೆ ಜಾಗ ಕೊಟ್ಟಿದ್ದರು. ನಮ್ಮ ಈ ಉಪಕರಣದ ಕುಂದು ಇಂಥದ್ದು ಎಂದು ಮಾಡಿದವರೇ ಬರೆದುಕೊಳ್ಳುವ ಜಾಗ. ಮಾರಾಟದ ತಂತ್ರಾಂಶಗಳ ಕೈಪಿಡಿಯಲ್ಲಿ ಆ ಪ್ರಾಮಾಣಿಕತೆ ಅಪರೂಪ. ಈಗ ಎಐ ದೆಸೆಯಿಂದ ಅದು ಮತ್ತೆ ಬೇಕಾಗಿದೆ.

ಇನ್ನು ಚೀಟಿಯಲ್ಲಿ ತುಂಬುವ ಖಾನೆಗಳು. ಇವುಗಳ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹಣ ಕೈಬಿಡುವುದು ಇಲ್ಲೇ.

ಒಂದು ಖಾನೆಯ ಹೆಸರು 'ಮೊತ್ತ', ಬಗೆ 'ಸಂಖ್ಯೆ'. ಗಿರಾಕಿಗೆ ಐನೂರು ರೂಪಾಯಿ ಮರಳಿಸಬೇಕು. ಏಜೆಂಟ್ 500 ಎಂದು ಬರೆಯುತ್ತದೆ. ಆದರೆ ರೇಜರ್‌ಪೇ, ಸ್ಟ್ರೈಪ್‌ನಂಥ ಪಾವತಿ ಸೇವೆಗಳ ಎಪಿಐಗಳಲ್ಲಿ, ಎಂದರೆ ಬೇರೆ ತಂತ್ರಾಂಶಗಳು ಅವುಗಳ ಜೊತೆ ಮಾತಾಡುವ ಕಿಂಡಿಗಳಲ್ಲಿ, ಮೊತ್ತವನ್ನು ಕರೆನ್ಸಿಯ ಅತಿ ಸಣ್ಣ ಘಟಕದಲ್ಲಿ ಕೊಡಬೇಕು. ನಮ್ಮ ಲೆಕ್ಕದಲ್ಲಿ ಪೈಸೆ. ಐನೂರು ರೂಪಾಯಿ ಎಂದರೆ 50000. 500 ಎಂದು ಬರೆದರೆ ಗಿರಾಕಿಗೆ ಹೋಗುವುದು ಐದು ರೂಪಾಯಿ. ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ ಎಷ್ಟೋ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.30000000000000004 ಎಂದು ಬರುತ್ತದೆ. ಸಾವಿರಾರು ಬಿಲ್ಲುಗಳಲ್ಲಿ ಆ ಬಾಲ ಬೆಳೆಯಬಾರದೆಂದು ಪೂರ್ಣಾಂಕಗಳಲ್ಲಿ ಪೈಸೆ ಎಣಿಸುತ್ತಾರೆ. ಎಂಜಿನಿಯರಿಗೆ ಇದು ಉಸಿರಾಟದಷ್ಟು ಸಹಜ; ಆದ್ದರಿಂದಲೇ ಬರೆಯಲು ಮರೆಯುತ್ತಾನೆ. 'ಮೊತ್ತ' ಎಂಬ ಹೆಸರನ್ನು 'ಮೊತ್ತ_ಪೈಸೆಯಲ್ಲಿ' ಎಂದು ಬದಲಿಸಿ, ಪಕ್ಕದಲ್ಲಿ "₹500ಕ್ಕೆ 50000" ಎಂಬ ಒಂದು ಉದಾಹರಣೆ ಕೊಟ್ಟರೆ, ಅರ್ಧ ಪುಟದ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಚ್‌ಎಸ್‌ಎನ್ ಕೋಡ್ ಇನ್ನೊಂದು ಬಗೆಯ ಹಳ್ಳ. ಸರಕುಗಳನ್ನು ತೆರಿಗೆಗಾಗಿ ವಿಂಗಡಿಸುವ ಈ ಸಂಕೇತದಲ್ಲಿ ರೇಷ್ಮೆ ಬಟ್ಟೆ 5007. ಅದನ್ನು ಸಂಖ್ಯೆ ಎಂದುಕೊಂಡರೂ ತೊಂದರೆಯಿಲ್ಲ, ಹಾಗಾಗಿ ಚಿಕ್ಕಪೇಟೆಯಲ್ಲಿ ಯಾರಿಗೂ ದೋಷ ಕಾಣುವುದಿಲ್ಲ. ಅದೇ ತಂತ್ರಾಂಶವನ್ನು ಚಿಕ್ಕಮಗಳೂರಿನ ಕಾಫಿ ವ್ಯಾಪಾರಿ ಕೊಂಡ ದಿನ ಮುಗ್ಗರಿಸುತ್ತದೆ: ಕಾಫಿಯ ಕೋಡ್ 0901. ಸಂಖ್ಯೆಯಾಗಿ ಬರೆದರೆ ಮುಂದಿನ ಸೊನ್ನೆ ಉದುರಿ 901 ಆಗುತ್ತದೆ. ಏಜೆಂಟ್ ಚೀಟಿ ಬರೆಯಲು ಬಳಸುವ ಜೇಸನ್ ಎಂಬ ನಮೂನೆಯಲ್ಲಿ ಸೊನ್ನೆಯಿಂದ ಶುರುವಾಗುವ ಪೂರ್ಣಾಂಕಕ್ಕೆ ಅವಕಾಶವೇ ಇಲ್ಲ. ಅಂಕಿಗಳಿಂದ ಕೂಡಿದ್ದೆಲ್ಲ ಸಂಖ್ಯೆಯಲ್ಲ. ಕೂಡಿಸಿ ಕಳೆಯುವಂಥದ್ದು ಸಂಖ್ಯೆ, ಗುರುತಿಸಲು ಇಟ್ಟದ್ದು ಹೆಸರು. ಫೋನ್ ನಂಬರು, ಪಿನ್ ಕೋಡ್, ಎಚ್‌ಎಸ್‌ಎನ್ ಎಲ್ಲ ಹೆಸರುಗಳೇ. ಅವುಗಳ ಖಾನೆ ಪಠ್ಯದ ಖಾನೆಯಾಗಿರಬೇಕು.

ದಿನಾಂಕದ ವಿಷಯದಲ್ಲಿ ಕನ್ನಡ ನಮ್ಮನ್ನು ಬೇರೆಯೇ ರೀತಿ ಕಾಡುತ್ತದೆ. 05/04 ಎಂದರೆ ನಮಗೆ ಏಪ್ರಿಲ್ 5, ಅಮೆರಿಕದವರಿಗೆ ಮೇ 4, ಇದು ಹಳೆಯ ಕತೆ. ವರ್ಷ-ತಿಂಗಳು-ದಿನ ಎಂಬ ಐಎಸ್‌ಒ ಕ್ರಮವನ್ನು ಕಡ್ಡಾಯ ಮಾಡಿದರೆ ಮುಗಿಯಿತು. ಆದರೆ "ಮೊನ್ನೆ ಕಳಿಸಿದ್ದಲ್ಲ, ಅದು" ಎಂದಾಗ? ನಿಘಂಟಿನ ಪ್ರಕಾರ ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನ. ಬಾಯಿಮಾತಿನಲ್ಲಿ ಅದು ಹದಿನೈದು ದಿನದ ಹಿಂದೆಯೂ ಆದೀತು. "ಮೊನ್ನೆ ಮೊನ್ನೆ" ಎಂದರೆ ಎರಡು ವರ್ಷವೂ ಆದೀತು. 'ನಾಡಿದ್ದು' ಮಾತ್ರ ಕರಾರುವಾಕ್ಕು, ಆದರೆ ಇವತ್ತು ಯಾವ ದಿನ ಎಂದು ಯಾರಾದರೂ ಹೇಳದಿದ್ದರೆ ಮಾದರಿಗೆ ಅದೂ ಗೊತ್ತಾಗುವುದಿಲ್ಲ. ವಿವರಣೆಯಲ್ಲಿ ಒಂದು ಸಾಲು ಬೇಕು: ಗಿರಾಕಿ ಖಚಿತ ದಿನ ಹೇಳದಿದ್ದರೆ ಊಹಿಸಬೇಡಿ, ಕಳೆದ ಮೂವತ್ತು ದಿನದ ಬಿಲ್ ಪಟ್ಟಿ ತೋರಿಸಿ ಕೇಳಿ.

ಪದಗಳೂ ಮೋಸ ಮಾಡುತ್ತವೆ. ಮಾಲು ವಾಪಸ್ ಕಳಿಸಿದ ಗಿರಾಕಿ ತನ್ನ ಪುಸ್ತಕದಲ್ಲಿ ಡೆಬಿಟ್ ನೋಟ್ ಬರೆಯುತ್ತಾನೆ. ಮಾರಿದವನು ಕ್ರೆಡಿಟ್ ನೋಟ್ ಕೊಡುತ್ತಾನೆ. ಘಟನೆ ಒಂದೇ, ಹೆಸರು ಎರಡು, ನಿಂತ ಜಾಗವನ್ನು ಅವಲಂಬಿಸಿ. ಮೈಸೂರಿನವರು ವಾಟ್ಸ್ಆ್ಯಪ್‌ನಲ್ಲಿ "ಡೆಬಿಟ್ ನೋಟ್ ಕಳಿಸಿದ್ದೀವಿ" ಎಂದು ಬರೆದದ್ದನ್ನು ಏಜೆಂಟ್ ಓದಿ, ಡೆಬಿಟ್ ನೋಟ್ ಟೂಲನ್ನೇ ಹುಡುಕಿಕೊಂಡು ಹೋದರೆ ಬಾಕಿ ಇಳಿಯುವ ಬದಲು ಏರುತ್ತದೆ. ಆದ್ದರಿಂದ ಟೂಲಿನ ವಿವರಣೆಯಲ್ಲಿ ಪದದ ಜೊತೆಗೆ ಪರಿಣಾಮವನ್ನೂ ಹೇಳಬೇಕು: "ಇದರಿಂದ ಗಿರಾಕಿ ನಮಗೆ ಕೊಡಬೇಕಾದ ಬಾಕಿ ಕಡಿಮೆಯಾಗುತ್ತದೆ."

ಇಷ್ಟು ಹೇಳಿದ ಮೇಲೆ ಓದುಗರಿಗೆ ಅನ್ನಿಸಬಹುದು: ಹಾಗಾದರೆ ಎಲ್ಲವನ್ನೂ ಬರೆದುಬಿಡೋಣ, ಇಡೀ ಜಿಎಸ್‌ಟಿ ಕಾಯ್ದೆಯನ್ನೇ ವಿವರಣೆಯಲ್ಲಿ ತುರುಕೋಣ. ಇದು ಎದುರು ಬದಿಯ ಹಳ್ಳ. ಟೂಲ್ ವಿವರಣೆಗಳು ಮಾದರಿಯ ಎದುರಿಗಿನ ಪಠ್ಯದಲ್ಲಿ ಜಾಗ ತಿನ್ನುತ್ತವೆ, ಪ್ರತಿ ಸಲವೂ. ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಎಣಿಸುತ್ತವೆ; ಕನ್ನಡದಲ್ಲಿ ಬರೆದರೆ ಅದೇ ಅರ್ಥದ ಇಂಗ್ಲಿಷಿಗಿಂತ ಸಾಮಾನ್ಯವಾಗಿ ಹೆಚ್ಚು ತುಣುಕುಗಳಾಗುವುದರಿಂದ ನಮಗೆ ಈ ಬಿಸಿ ಇನ್ನೂ ಬೇಗ ತಟ್ಟುತ್ತದೆ. ಟೂಲ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಆಯ್ಕೆ ತಪ್ಪುವುದೂ ಹೆಚ್ಚು. ಓಪನ್‌ಎಐ ತನ್ನ ಮಾರ್ಗದರ್ಶಿಯಲ್ಲಿ ಒಮ್ಮೆಗೆ ಇಪ್ಪತ್ತಕ್ಕಿಂತ ಕಡಿಮೆ ಟೂಲ್‌ ಕೊಡಿ ಎಂದು, ಕಟ್ಟುನಿಟ್ಟಿನ ನಿಯಮವಾಗಿ ಅಲ್ಲದಿದ್ದರೂ, ಸೂಚಿಸಿತ್ತು. ಜೊತೆಗೆ ಬರೆದದ್ದು ಹಳಸುತ್ತದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ ಶೇಕಡಾ 12 ಮತ್ತು 28ರ ಹಂತಗಳು ಬಹುಮಟ್ಟಿಗೆ ಹೋದವು. ವಿವರಣೆಯೊಳಗೆ ದರಗಳನ್ನು ಬರೆದಿಟ್ಟವರ ಏಜೆಂಟ್, ಮರುದಿನವೂ ಹಳೆಯ ದರವನ್ನೇ ಪೂರ್ಣ ಆತ್ಮವಿಶ್ವಾಸದಿಂದ ಹಾಕುತ್ತದೆ.

ಏನನ್ನು ಬರೆಯಬೇಕು ಎನ್ನುವುದಕ್ಕಿಂತ ಮೊದಲು, ಏನನ್ನು ಮಾದರಿಯ ಕೈಗೇ ಕೊಡಬಾರದು ಎಂದು ಯೋಚಿಸುವುದು ಲಾಭ. ತಮಿಳುನಾಡಿನ ಹೊಸೂರು ಬೆಂಗಳೂರಿನಿಂದ ಒಂದು ಗಂಟೆಯ ದಾರಿ; ಬೀದರಿಗೆ ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೂ ಬೀದರಿಗೆ ಹೋದ ಸೀರೆಗೆ ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ, ಅತ್ತಿಬೆಲೆ ದಾಟಿ ಹೊಸೂರಿಗೆ ಹೋದದ್ದಕ್ಕೆ ಅಂತರರಾಜ್ಯ ಜಿಎಸ್‌ಟಿ. ಇದನ್ನು ಏಜೆಂಟಿಗೆ ಪಾಠ ಮಾಡಿ 'ತೆರಿಗೆ ಬಗೆ' ಎಂಬ ಖಾನೆ ತುಂಬಿಸುವ ಅಗತ್ಯವೇನು? ಸರಕು ತಲುಪುವ ವಿಳಾಸವೂ ಗಿರಾಕಿಯ ಜಿಎಸ್‌ಟಿ ನಂಬರೂ ತಂತ್ರಾಂಶದಲ್ಲಿವೆ. ಆ ನಂಬರಿನ ಮೊದಲ ಎರಡು ಅಂಕಿಗಳೇ ರಾಜ್ಯದ ಗುರುತು, ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಲೆಕ್ಕ ತಂತ್ರಾಂಶವೇ ಮಾಡಲಿ, ಖಾನೆಯನ್ನೇ ಕಿತ್ತುಹಾಕಿ. ಇಲ್ಲದ ಖಾನೆಯನ್ನು ತಪ್ಪಾಗಿ ತುಂಬಲು ಯಾರಿಂದಲೂ ಆಗುವುದಿಲ್ಲ.

ಕಾರ್ಖಾನೆಗಳಲ್ಲಿ ಇದಕ್ಕೆ 'ಪೋಕಾ ಯೋಕೆ' ಎಂದು ಹೆಸರು. ಟೊಯೋಟಾದ ಜೊತೆ ಕೆಲಸ ಮಾಡಿದ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಜನಪ್ರಿಯಗೊಳಿಸಿದ ವಿಚಾರ: ತಪ್ಪು ಮಾಡಬೇಡ ಎಂದು ಬೋರ್ಡು ಹಾಕುವ ಬದಲು, ತಪ್ಪು ಮಾಡಲಾಗದ ಹಾಗೆ ವಸ್ತುವನ್ನೇ ರೂಪಿಸು. ಸಿಮ್ ಕಾರ್ಡಿನ ಕತ್ತರಿಸಿದ ಮೂಲೆ ಇದಕ್ಕೆ ಎಲ್ಲರ ಜೇಬಿನಲ್ಲಿರುವ ಉದಾಹರಣೆ. ಆಂತ್ರೊಪಿಕ್‌ನ ಎಂಜಿನಿಯರುಗಳು 2024ರಲ್ಲಿ ಇಂಥದ್ದೇ ಅನುಭವವೊಂದನ್ನು ಬರೆದಿದ್ದಾರೆ. ಕೋಡ್ ತಿದ್ದುವ ಅವರ ಏಜೆಂಟ್, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋದ ಮೇಲೆ ಕಡತಗಳ ವಿಳಾಸ ತಪ್ಪಿಸಿಕೊಳ್ಳುತ್ತಿತ್ತು. 'ಇಲ್ಲಿಂದ ಎಡಕ್ಕೆ' ಎಂಬಂಥ ಸಾಪೇಕ್ಷ ವಿಳಾಸಗಳನ್ನು ನಿಲ್ಲಿಸಿ, ಬುಡದಿಂದ ಪೂರ್ತಿ ವಿಳಾಸವನ್ನೇ ಕೊಡಬೇಕೆಂದು ಟೂಲನ್ನು ಬದಲಿಸಿದರು. ತೊಂದರೆ ನಿಂತುಹೋಯಿತು. ಏಜೆಂಟಿಗೆ ಕೊಡುವ ಸೂಚನೆಗಳಿಗಿಂತ ಟೂಲ್‌ಗಳ ಮೇಲೆಯೇ ತಾವು ಹೆಚ್ಚು ಸಮಯ ಕಳೆದದ್ದಾಗಿ ಅವರು ಹೇಳಿಕೊಂಡಿದ್ದಾರೆ.

ಕಿಂಡಿಯಿಂದ ಮರಳಿ ಬರುವ ಚೀಟಿಯೂ ಹಾಳೆಯ ಭಾಗವೇ. "ದೋಷ 400" ಎಂದು ಬಂದರೆ ಗುಮಾಸ್ತ ಏನು ಮಾಡಿಯಾನು? ಅದೇ ಚೀಟಿಯನ್ನು ಮತ್ತೆ ತಳ್ಳುತ್ತಾನೆ, ಇಲ್ಲವೇ ಕೈಗೆ ಸಿಕ್ಕ ಇನ್ನೊಂದು ಟೂಲ್ ಎತ್ತಿಕೊಳ್ಳುತ್ತಾನೆ. "ಐಆರ್‌ಎನ್ ಬಂದು 24 ಗಂಟೆ ಮೀರಿದೆ, ರದ್ದು ಆಗುವುದಿಲ್ಲ, ಕ್ರೆಡಿಟ್ ನೋಟ್ ಹಾಕಿ" ಎಂದು ಬಂದರೆ ದಾರಿ ಸಿಗುತ್ತದೆ. ಅದಕ್ಕಿಂತ ಅಪಾಯದ್ದು ಬರೀ ಖಾಲಿ ಚೀಟಿ. ಬಾಕಿಯ ಪಟ್ಟಿ ಕೇಳಿದಾಗ ಖಾಲಿ ಬಂದರೆ, ಬಾಕಿ ಇಲ್ಲವೆಂದೋ, ನೋಡಲು ಅನುಮತಿ ಇಲ್ಲವೆಂದೋ? ಮಾದರಿ ಬಹುತೇಕ ಮೊದಲನೆಯದನ್ನೇ ನಂಬಿ, ಮಾಲೀಕರಿಗೆ "ಯಾರೂ ಬಾಕಿ ಉಳಿಸಿಕೊಂಡಿಲ್ಲ" ಎಂಬ ಸಿಹಿಸುದ್ದಿ ಕೊಡುತ್ತದೆ.

ವಿವರಣೆಯನ್ನು ಮಾದರಿ ಹೀಗೆ ನಂಬುತ್ತದೆ ಎಂಬುದೇ ಕಳ್ಳರಿಗೂ ದಾರಿಯಾಯಿತು. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಒಂದು ಪ್ರಯೋಗ ತೋರಿಸಿತು. ಎರಡು ಸಂಖ್ಯೆ ಕೂಡಿಸುವ ಒಂದು ಮುಗ್ಧ ಟೂಲ್. ಅದರ ವಿವರಣೆಯೊಳಗೆ, ಬಳಕೆದಾರನ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಕಡೆ, ಕಂಪ್ಯೂಟರಿನಲ್ಲಿರುವ ರಹಸ್ಯ ಕೀಲಿಯ ಕಡತವನ್ನು ಓದಿ ಇನ್ನೊಂದು ಖಾನೆಯಲ್ಲಿ ಸೇರಿಸಿ ಕಳಿಸು ಎಂಬ ಆಜ್ಞೆ. ಏಜೆಂಟ್ ಪಾಲಿಸಿತು. ಇದಕ್ಕೆ 'ಟೂಲ್ ಪಾಯ್ಸನಿಂಗ್' ಎಂದು ಹೆಸರಾಯಿತು. ಹೊರಗಿನವರ ಟೂಲ್ ಜೋಡಿಸುವ ಮೊದಲು ಅದರ ವಿವರಣೆಯನ್ನು ಪೂರ್ತಿ ಓದುವುದು, ಬಾಡಿಗೆ ಕರಾರಿಗೆ ಸಹಿ ಹಾಕುವಾಗಿನ ಎಚ್ಚರಕ್ಕೆ ಸಮ. ನಾವು ಕರಾರನ್ನೂ ಓದುವುದಿಲ್ಲ ಎನ್ನುವುದು ಬೇರೆ ಮಾತು.

ಬರೆದ ವಿವರಣೆ ಸರಿಯಿದೆಯೇ ಎಂದು ತಿಳಿಯಲು ಮೇಜಿನ ಮುಂದೆ ಕೂತು ಮೆಚ್ಚಿಕೊಂಡರೆ ಸಾಲದು. ಅಂಗಡಿಯಲ್ಲಿ ಜನ ನಿಜವಾಗಿ ಆಡುವ ಐವತ್ತು ಮಾತುಗಳನ್ನು, "ಸರಿ ಮಾಡಿಬಿಡಿ", "ಅಡ್ಜಸ್ಟ್ ಮಾಡ್ಕೊಳಿ", "ಅದನ್ನ ತೆಗೆದಾಕಿ" ಎಂಬಂಥವನ್ನೇ, ನಕಲಿ ಲೆಕ್ಕದ ಮೇಲೆ ಓಡಿಸಿ, ಏಜೆಂಟ್ ಯಾವ ಚೀಟಿ ಬರೆಯಿತೆಂದು ಒಂದೊಂದಾಗಿ ಓದಬೇಕು. ಎಲ್ಲಿ ತಪ್ಪಿತೆಂದು ಮಾದರಿಯನ್ನೇ ಕೇಳಬಹುದು. ಅದು ಹೇಳುವ ಕಾರಣ ಸೊಗಸಾಗಿರುತ್ತದೆ. ನಾನಾದರೆ ಆ ಕಾರಣವನ್ನು ಬದಿಗಿಟ್ಟು ಅದು ಬರೆದ ಚೀಟಿಗಳನ್ನು ನಂಬುತ್ತೇನೆ.

ಹೀಗೆ ಎಲ್ಲ ತಿದ್ದಿದ ಮೇಲೆ ನಮ್ಮ ಚಿಕ್ಕಪೇಟೆಯ ಮಾಲೀಕರು ಮತ್ತೆ ಅದೇ ಮಾತನ್ನು ಹೇಳುತ್ತಾರೆನ್ನಿ: ಮೈಸೂರು ಪಾರ್ಟಿ, ಇನ್ನೂರ ಹನ್ನೆರಡು, ನಾಲ್ಕು ಪೀಸ್. ಏಜೆಂಟ್ ಈ ಸಲ ಏನನ್ನೂ ತಿದ್ದುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: "ಬಿಲ್ 212 ಎರಡು ಆರ್ಥಿಕ ವರ್ಷಗಳಲ್ಲಿದೆ, 2024-25 ಮತ್ತು 2025-26. ಎರಡೂ ಮೈಸೂರಿನ ಗಿರಾಕಿಗಳದ್ದೇ. ಯಾವುದಕ್ಕೆ ಕ್ರೆಡಿಟ್ ನೋಟ್ ಹಾಕಲಿ?"

ಬಿಲ್ ನಂಬರುಗಳು ಏಪ್ರಿಲ್ 1ರಂದು ಮತ್ತೆ ಒಂದರಿಂದ ಶುರುವಾಗುತ್ತವೆ. ಒಂದು ವರ್ಷದೊಳಗೆ ಮಾತ್ರ ಅವು ಪುನರಾವರ್ತನೆಯಾಗಬಾರದೆಂಬುದು ನಿಯಮ. ಅಕೌಂಟೆಂಟ್ ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಬಾಗುತ್ತಾರೆ. "ಈ ವರ್ಷದ್ದೇ ಅಲ್ವೇನಪ್ಪ, ಇದೂ ಹೇಳ್ಬೇಕಾ" ಎನ್ನುತ್ತಾ, ಒಂದು ಕ್ಷಣ ತಡೆದು, ಹಳೆಯ ವರ್ಷದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುತ್ತಾರೆ.